ಮೇಲಿನ ಗುಳಿಗೆ

ನಮ್ಮೂರಲ್ಲಿ ಗುಟ್ಟಿನ ಮಾತು ಆಡಬೇಕಾದವರು ನನ್ನ ಹಿಟ್ಟಿನ ಗಿರಣಿಗೆ ಬರುತ್ತಾರೆ. ಮಗಳಿಗೆ ಬಂದ ಗಂಡು ಮನಸ್ಸಿಗೆ ಬಂದಿಲ್ಲ ಎಂದು ತಂಗಿಯ ಮುಂದೆ ಹೇಳಿಕೊಳ್ಳುವವಳು, ಕುಂಟುವ ಎಮ್ಮೆಯನ್ನು ಗಟ್ಟಿಮುಟ್ಟು ಎಂದು ಮಾರಲು ಹೊರಟವನು, ಅತ್ತೆಯ ಮುಂದೆ ತವರಿನ ಬಡಾಯಿ ಕೊಚ್ಚುವ ಸೊಸೆ, ಎಲ್ಲರೂ ಜೋಳದ ಡಬ್ಬಿ ಹೊತ್ತು ಬಂದು ಪಟ್ಟೆ ತಿರುಗುವುದನ್ನೇ ಕಾಯುತ್ತಾರೆ. ಗಿರಣಿ ಶುರುವಾದರೆ ಎದೆ ಕೇಳಿಸುವುದಿಲ್ಲ. ಉಳಿದೆಲ್ಲ ಕಡೆ ಕೇಳಿಸುತ್ತದೆ. ನಾಲ್ಕಾರು ಮಾರು ದೂರದಲ್ಲಿ ನಿಂತವರ ಎದೆಬಡಿತ ನಮ್ಮೂರಲ್ಲಿ ಪಕ್ಕದ ಮನೆಯ ಒರಳಿನ ಸದ್ದಿನಷ್ಟು ಸ್ಪಷ್ಟ. ತನ್ನದು ಮಾತ್ರ ತನಗೆ ಕೇಳಿಸದು. ಅದಕ್ಕೇ ನಮ್ಮ ಹಿರಿಯರು ಒಂದು ಕಟ್ಟಳೆ ಮಾಡಿಟ್ಟಿದ್ದಾರೆ. ತನ್ನ ಎದೆ ಹೇಗಿದೆ ಎಂದು ವಿಚಾರಿಸದವರಿಗೆ ನಾವಾಗಿ ಹೇಳಬಾರದು. ವಿಚಾರಿಸಿದವರಿಗೆ ಸುಳ್ಳು ಹೇಳಬಾರದು. ಇಷ್ಟು ಪಾಲಿಸಿಕೊಂಡರೆ ಊರಲ್ಲಿ ಬಾಳುವೆ ಮಾಡಬಹುದು.

ನನ್ನ ಗಂಡ ರಾಚಪ್ಪ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವರು. ನಮ್ಮೂರ ಮದುವೆಗಳಲ್ಲಿ ಬ್ಯಾಂಡು ಶೋಕಿಗೆ ಇರುವುದಲ್ಲ. ಅಕ್ಕಿಕಾಳು ಬೀಳುವ ಗಳಿಗೆಯಲ್ಲಿ ಮದುಮಕ್ಕಳ ಎದೆ ನೆರೆದವರಿಗೆ ಕೇಳಿಸಬಾರದು. ಹುಡುಗಿಗೆ ಹೆದರಿಕೆಯಿರಲಿ, ಹುಡುಗನಿಗೆ ಮನಸ್ಸಿಲ್ಲದಿರಲಿ, ಅದು ಅವರಿಬ್ಬರ ಪಾಡು. ಡೋಲು ಎಷ್ಟು ಬಡಿದರೂ ಎರಡು ಏಟಿನ ನಡುವೆ ಸಂದು ಉಳಿಯುತ್ತದೆ. ಆ ಸಂದು ತುಂಬುವವರು ನಮ್ಮವರು. ಅವರ ಉಸಿರು ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೆಣ್ಣು ಹೆತ್ತವರು ಸ್ವಾಮಿಗಳ ಹತ್ತಿರ ಮುಹೂರ್ತ ಇಡಿಸುವ ಮೊದಲು ಇವರು ಬಿಡುವಾಗಿದ್ದಾರೋ ಎಂದು ಬಂದು ನೋಡಿ ಹೋಗುತ್ತಿದ್ದರು.

ಅಂಥವರಿಗೆ ದಮ್ಮು ಹತ್ತತೊಡಗಿತು. ಮೊದಲು ಮೆರವಣಿಗೆಯಲ್ಲಿ, ಆಮೇಲೆ ಮೆಟ್ಟಿಲು ಹತ್ತುವಾಗ, ಕೊನೆಗೆ ಅಂಗಾತ ಮಲಗಿದರೂ. ತಲೆದಿಂಬಿನ ಮೇಲೆ ತಲೆದಿಂಬು ಇಟ್ಟು ಕೂತಂತೆ ಮಲಗುವರು. ಎರಡು ಬಡಿಯುವಲ್ಲಿ ಅವರ ಎದೆ ಮೂರು ಬಡಿಯುತ್ತಿತ್ತು, ಕಲ್ಲುಹಾದಿಯಲ್ಲಿ ಕುದುರೆ ಓಡಿದ ಹಾಗೆ. ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಆಗ ಸರಕಾರಿ ದವಾಖಾನೆಯ ವಿಶಾಲಾಕ್ಷಿ ಡಾಕ್ಟರು ಎದೆಗೆ ಆಸರೆಯಾಗುವ ಗುಳಿಗೆಗಳನ್ನು ಕೊಟ್ಟರು. ಜೊತೆಗೆ ಮೈಯಲ್ಲಿ ನಿಂತ ನೀರನ್ನು ಹೊರಗೆ ಹಾಕುವ ಗುಳಿಗೆ. ಅದನ್ನು ನಾವೆಲ್ಲ ನೀರಿನ ಗುಳಿಗೆ ಎನ್ನುತ್ತೇವೆ. ಮೂರನೆಯ ಬಡಿತ ಹೋಯಿತು, ಪಾದ ಇಳಿಯಿತು. ಆದರೆ ಎದೆಗೆ ಮೊದಲಿನ ಕಸುವು ಬರಲಿಲ್ಲ. ಒಂದು ಹಾಡು ಊದಿದರೆ ಇನ್ನೊಂದಕ್ಕೆ ಕೂರಬೇಕು.

ವಿಶಾಲಾಕ್ಷಿ ಡಾಕ್ಟರು ಹೊರಗಿನವರು. ನಮ್ಮೂರಿಗೆ ಬಂದ ಹೊಸದರಲ್ಲಿ ಕಿವಿಗೆ ಹತ್ತಿ ಇಟ್ಟುಕೊಂಡು ತಿರುಗುತ್ತಿದ್ದರು. ಒಂದು ದಿನ ಅವರೇ ನನ್ನ ಗಿರಣಿಗೆ ಬಂದರು, ಕೈಯಲ್ಲಿ ಡಬ್ಬಿಯಿರಲಿಲ್ಲ. ಎದೆ ಸೋತವರೆಲ್ಲರನ್ನೂ ಅಲ್ಲಿಗೇ ಬರಹೇಳಿದ್ದರು. ಪಟ್ಟಣದಿಂದ ಒಂದು ಹೊಸ ಗುಳಿಗೆ ಬಂದಿದೆ, ಅದು ಪ್ರಯೋಜನಕ್ಕೆ ಬರುತ್ತದೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ, ನಿಮ್ಮ ಮೇಲೆ ಪರೀಕ್ಷಿಸಿ ನೋಡಬೇಕು, ಒಪ್ಪಿಗೆ ಇದ್ದವರು ಮಾತ್ರ ತೆಗೆದುಕೊಳ್ಳಿ ಎಂದರು.

"ಅದು ಏನ್ ಮಾಡ್ತೈತ್ರಿ ಬಾಯಾರ?" ಎಂದ ಕಲಾಯಿ ಮಾಡುವ ದಾವಲಸಾಬ. ನಮ್ಮ ಪಕ್ಕದ ಮನೆಯವನು, ನಮ್ಮವರಷ್ಟೇ ವಯಸ್ಸು, ನಮ್ಮವರದೇ ಕಾಯಿಲೆ.

"ಎದೆ ದಿನವಿಡೀ ದುಡಿಯುತ್ತಲ್ಲ, ದುಡಿಯೋ ಕಡೆ ಒಂದು ಥರದ ಕಿಲುಬು ಹುಟ್ಟುತ್ತೆ. ಎದೆಯ ಮಾಂಸಾನ ಅದು ತಿನ್ನುತ್ತೆ. ಈ ಗುಳಿಗೆ ಅದನ್ನು ತಡೆಯುತ್ತೆ ಅಂತ ಒಂದು ಊಹೆ."

"ಅಂದ್ರ ಕಲಾಯಿ ಅನ್ರಿ."

"ಹಾಗೇ ಅಂದುಕೊಳ್ಳಿ."

"ನಲವತ್ತು ವರ್ಷ ಊರ ಮಂದಿ ಭಾಂಡೆಕ್ಕ ಕಲಾಯಿ ಹಾಕೀನಿ. ನನಗ ಹಾಕಾಕ ಒಬ್ರು ಸಿಕ್ರಲ್ಲ," ಎಂದು ದಾವಲಸಾಬ ನಕ್ಕ. ನಕ್ಕಿದ್ದಕ್ಕೇ ಏದುಸಿರು ಬಂದು ಹಿಟ್ಟಿನ ಚೀಲದ ಮೇಲೆ ಕುಳಿತ.

ಆಮೇಲೆ ಡಾಕ್ಟರು ಹೇಳಿದ್ದು ಊರಿಗೆ ಅರಗಲು ಬಹಳ ಹೊತ್ತು ಹಿಡಿಯಿತು. ಅರ್ಧ ಮಂದಿಯ ಶೀಶೆಯಲ್ಲಿ ನಿಜವಾದ ಗುಳಿಗೆ, ಅರ್ಧ ಮಂದಿಯದರಲ್ಲಿ ಬರೀ ಕುಸುಬಿ ಎಣ್ಣೆ ತುಂಬಿದ್ದು. ನೋಡಲು ಎರಡೂ ಒಂದೇ, ಕೇಸರಿ ಬಣ್ಣದ ಮೆತ್ತನೆ ಗುಳಿಗೆ. ಯಾರಿಗೆ ಯಾವುದು ಎಂದು ತೆಗೆದುಕೊಳ್ಳುವವರಿಗೂ ಗೊತ್ತಿಲ್ಲ, ಕೊಡುವ ತನಗೂ ಗೊತ್ತಿಲ್ಲ. ಪಟ್ಟಣದಲ್ಲಿ ಕುಳಿತವರಿಗೆ ಮಾತ್ರ ಗೊತ್ತು. ಹಳೆಯ ಗುಳಿಗೆಗಳ ಮೇಲೆ ಇದೊಂದು ಹೆಚ್ಚಿಗೆ, ಅಷ್ಟೇ. ಹೀಗಾಗಿ ಅದಕ್ಕೆ ಊರಲ್ಲಿ ಮೇಲಿನ ಗುಳಿಗೆ ಎಂದೇ ಹೆಸರು ಬಿತ್ತು.

"ಎಣ್ಣಿ ಯಾಕ ಕುಡಸ್ತೀರಿ? ಎಲ್ಲಾರಿಗೂ ಖರೇದ ಕೊಟ್ಟುಬಿಡ್ರಿ," ಎಂದೆ ನಾನು.

"ಎಲ್ಲರಿಗೂ ಕೊಟ್ಟು, ಎಲ್ಲರೂ ಒಂದಿಷ್ಟು ಚೇತರಿಸಿಕೊಂಡರು ಅಂತಿಟ್ಕೊಳ್ಳಿ ನೀಲವ್ವ. ಅದು ಗುಳಿಗೆಯಿಂದ ಆಯ್ತೋ, ನಾನು ವಾರವಾರ ಬಂದು ಮಾತಾಡಿಸಿದ್ದರಿಂದ ಆಯ್ತೋ, ಹೇಗೆ ಹೇಳ್ತೀರಿ?"

ಅದು ನನಗೆ ತಿಳಿಯಿತು. ಹೊಸ ಕಲ್ಲು ಹಾಕಿದ ದಿನ ಎಲ್ಲರೂ ಹಿಟ್ಟು ನುಣ್ಣಗಾಯಿತು ಎನ್ನುತ್ತಾರೆ. ಕಲ್ಲು ಹಾಕಿಲ್ಲ, ಬರೀ ಒರೆಸಿದ್ದೇನೆ ಎಂದರೂ ನಂಬುವುದಿಲ್ಲ.

ತೊಡಕಾದದ್ದು ನಮ್ಮ ಕಟ್ಟಳೆ. ಎದೆ ಊರಿಗೆಲ್ಲ ಕೇಳಿಸುವಾಗ ಯಾರ ಗುಳಿಗೆ ನಿಜವಾದದ್ದೆಂದು ಮಂದಿ ಊಹಿಸಿಬಿಡುತ್ತಾರೆ, ಡಾಕ್ಟರ ಮನಸ್ಸೂ ಒಂದು ಕಡೆ ವಾಲುತ್ತದೆ. ಅದಕ್ಕೇ ಅವರು ನನ್ನ ಗಿರಣಿ ಬೇಡಿದ್ದು. ಪರೀಕ್ಷೆಯ ದಿನ ನಾನು ಗಿರಣಿ ಓಡಿಸಬೇಕು, ಆ ಗದ್ದಲದಲ್ಲಿ ರೋಗಿಗಳು ಅಂಗಳದಲ್ಲಿ ನಡೆಯಬೇಕು, ಎಷ್ಟು ದೂರ ನಡೆದರೆಂದು ಅವರು ನೋಡಿಕೊಳ್ಳುತ್ತಾರೆ. ಇನ್ನು ಮನೆಯವರು, ಪರೀಕ್ಷೆ ಮುಗಿಯುವವರೆಗೆ ಎದೆ ಹೇಗಿದೆಯೆಂದು ರೋಗಿಗಳಿಗೆ ಹೇಳಕೂಡದು. ಅವರಾಗಿ ವಿಚಾರಿಸಿದರೂ.

ಹಿರಿಯರು ಮುಖ ಮುಖ ನೋಡಿಕೊಂಡರು. ವಿಚಾರಿಸಿದವರಿಗೆ ಬಾಯಿ ಬಿಡದಿರುವುದು ಸುಳ್ಳು ಹೇಳಿದ ಹಾಗಲ್ಲವೇ? ಬಹಳ ಹೊತ್ತು ಜಗ್ಗಾಡಿದ ಮೇಲೆ ದಾವಲಸಾಬನ ಹೆಂಡತಿ ಮಾಬೂಬಿ ಒಂದು ದಾರಿ ಹುಡುಕಿದಳು. "ಕಿವ್ಯಾಗ ಗಿರಣಿ ಐತಿ ಅಂದ್ರಾತು. ಸುಳ್ಳೂ ಅಲ್ಲ, ಖರೇನೂ ಅಲ್ಲ." ಅಂದಿನಿಂದ ಊರಲ್ಲಿ ಯಾರಾದರೂ ಎದೆಯ ಮಾತು ತೆಗೆದರೆ ಅದೇ ಉತ್ತರ. ಕಾಯಿಲೆಯಿಲ್ಲದವರೂ ಅದನ್ನೇ ಕಲಿತುಬಿಟ್ಟರು. ಗಂಡ ಸಿಟ್ಟಾಗಿದ್ದೀಯಾ ಎಂದರೆ ಹೆಂಡತಿ, ಕಿವಿಯಲ್ಲಿ ಗಿರಣಿ ಎನ್ನುವಳು.

ನಮ್ಮವರು ಮೇಲಿನ ಗುಳಿಗೆಯನ್ನು ಪ್ರಸಾದದಂತೆ ಕಣ್ಣಿಗೊತ್ತಿ ನುಂಗುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಅಂಗಳದಲ್ಲಿ ನಡೆಯುವಾಗ ನಡುವೆ ನಿಲ್ಲುವುದು ಕಡಿಮೆಯಾಯಿತು. ಒಂದು ಬೆಳಿಗ್ಗೆ ಚಹಾ ಕುಡಿಯುತ್ತ, "ಏನ ನೀಲವ್ವಾ, ಹೆಂಗೈತಿ ನನ್ನ ಎದಿ?" ಎಂದರು. ಎರಡು ಬಡಿತ, ಗಟ್ಟಿಯಾಗಿ, ಸಮನಾಗಿ ಕೇಳಿಸುತ್ತಿತ್ತು. "ಕಿವ್ಯಾಗ ಗಿರಣಿ ಐತ್ರೀ," ಎಂದೆ. ನಗು ತಡೆಯಲಾಗಲಿಲ್ಲ.

ಅದೇ ಹೊತ್ತಿಗೆ ಎಣ್ಣೆಗಾಣದ ಫಕೀರಪ್ಪ ಮಗಳ ಮದುವೆ ಗೊತ್ತು ಮಾಡಿ ಬಂದ. ಹುಡುಗಿ ಸಂಕೋಚದವಳು, ಊರ ಮುಂದೆ ಎದೆ ಕೇಳಿಸಿದರೆ ಸತ್ತೇ ಹೋಗುತ್ತಾಳೆ, ರಾಚಪ್ಪಣ್ಣ ಊದದಿದ್ದರೆ ಮಣೆಯ ಮೇಲೆ ಕೂರುವುದೇ ಇಲ್ಲ ಎನ್ನುತ್ತಿದ್ದಾಳೆ ಎಂದ. ನಮ್ಮವರು ಡಾಕ್ಟರನ್ನು ಒಂದು ಮಾತು ವಿಚಾರಿಸದೆ ಒಪ್ಪಿಕೊಂಡರು. ನಾನು ಬಯ್ದೆ. "ಕುಂತ ಊದ್ತೀನಿ ಬಿಡ," ಎಂದರು. ಆದರೆ ಬ್ಯಾಂಡಿನವರ ಜೊತೆ ತಾಲೀಮಿಗೆ ಹೋಗಿ ಬರತೊಡಗಿದ ಮೇಲೆ ಅವರ ಮುಖದಲ್ಲಿ ಬಂದ ಬೆಳಕು ನೋಡಿ ನಾನೂ ಸುಮ್ಮನಾದೆ.

ಮದುವೆ ಹತ್ತಿರ ಬಂದಿತ್ತು. ಒಂದು ಮುಂಜಾನೆ ಗಿರಣಿಗೆ ಹೊರಟವಳು ಹೊಸ್ತಿಲಲ್ಲಿ ನಿಂತುಬಿಟ್ಟೆ. ಹಿಂದೆ, ಕುರ್ಚಿಯಲ್ಲಿ ಕುಳಿತ ನಮ್ಮವರ ಎದೆಯಲ್ಲಿ ಮೂರು ಕೇಳಿಸಿತು. ಸಣ್ಣಗೆ, ಎರಡರ ಬೆನ್ನಿಗೆ ಅಂಟಿಕೊಂಡ ಹಾಗೆ. ಮರುದಿನ ಇನ್ನಷ್ಟು ದಪ್ಪಗಾಯಿತು. ಹೇಳುವಂತಿಲ್ಲ. ಅವರೂ ವಿಚಾರಿಸಲಿಲ್ಲ. ಗಿರಣಿಯ ಗದ್ದಲದಲ್ಲಿ ದಿನ ಕಳೆಯುವುದೇ ವಾಸಿಯೆನಿಸಿ ಬೀಸುವ ಜೋಳವಿಲ್ಲದಾಗಲೂ ಬರಿಗಲ್ಲು ತಿರುಗಿಸುತ್ತ ಕುಳಿತೆ. ಗಿರಣಿಯವಳು ಮಾಡುವ ಕೆಲಸವಲ್ಲ ಅದು; ಕಲ್ಲಿಗೆ ಕೇಡು.

ಅತ್ತ ದಾವಲಸಾಬನ ಎದೆ ಗೋಡೆಯಾಚೆಯಿಂದ ಹೊಸ ಗಡಿಯಾರದಂತೆ ಕೇಳಿಸುತ್ತಿತ್ತು. ನನ್ನ ಲೆಕ್ಕ ಸರಳವಾಗಿತ್ತು. ಅವನದು ಕಲಾಯಿ, ನಮ್ಮದು ಕುಸುಬಿ ಎಣ್ಣೆ. ಹಾಗಾದರೆ ಶೀಶೆ ಅದಲುಬದಲು ಮಾಡಿಕೊಳ್ಳೋಣ, ಇಲ್ಲವೇ ಎರಡನ್ನೂ ಕೂಡಿಸಿ ಪಾಲು ಹಾಕೋಣ ಎಂದು ಬೇಡಬೇಕು. ಮಾಬೂಬಿ ಇಲ್ಲ ಎನ್ನುವ ಹೆಂಗಸಲ್ಲ. ಅವರ ಮನೆಯಲ್ಲಿ ಸಾರು ಕುದಿದರೆ ನಮ್ಮ ಮನೆಯಲ್ಲಿ ರೊಟ್ಟಿ ಮಾಡಿಟ್ಟುಕೊಂಡು ಕಾಯುತ್ತೇವೆ. ಡಾಕ್ಟರ ಪರೀಕ್ಷೆ ಕೆಡುತ್ತದೆ, ಗೊತ್ತಿತ್ತು. ಅವರ ಪರೀಕ್ಷೆ ಇನ್ನೊಂದು ಊರಲ್ಲಿ ಆದೀತು, ನನ್ನ ಗಂಡ ಇನ್ನೊಂದು ಊರಲ್ಲಿ ಸಿಗುತ್ತಾರೆಯೇ?

ಶೀಶೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದೆ. ಕಟ್ಟೆಯ ಮೇಲೆ ಮಾಬೂಬಿ ಒಬ್ಬಳೇ ಅಕ್ಕಿ ಆರಿಸುತ್ತಿದ್ದಳು.

"ಬಾ ನೀಲಕ್ಕ, ಕುಂದ್ರು. ನಮ್ಮನಿಯವರು ಒಳಗದಾರ. ಬಚ್ಚಲದಾಗ."

"ಆರಾಮ ಅದಾರಲ್ಲ?"

"ಆರಾಮ ಏನ್ ಬಂತ. ಕಟ್ಟಿ ಮ್ಯಾಲ ಕುಂದ್ರೂದು, ಬಚ್ಚಲಕ್ಕ ಹೋಗೂದು. ಆ ನೀರಿನ ಗುಳಿಗಿ ನುಂಗಿದ್ರ ಮುಂಜಾನಿಪೂರ್ತಿ ಇದ ಮೆರವಣಿಗಿ. ಮೊನ್ನಿ ಒಬ್ಬರ ಹಂಡೆ ಹಿಡಕೊಂಡು ಕುಂತಿದ್ರು. ತವರ ಕರಗಿತ್ತು, ಒರಸೂದೊಂದ ಬಾಕಿ. 'ಮಾಬೂ, ಹಿಡಿ' ಅಂದು ಎದ್ದು ಓಡಿದ್ರು. ಬರೂದ್ರಾಗ ತವರ ಗಟ್ಟಿಯಾಗಿ ಕುಂತಿತ್ತು."

ಒಳಗಿನಿಂದ ದಾವಲಸಾಬ ಕೂಗಿದ, "ಊರಿಗೆಲ್ಲಾ ಡಂಗುರ ಹೊಡಿ! ಎದಿ ಕೇಳಸ್ತಿದ್ದದ್ದು ಸಾಲಲಿಲ್ಲ, ಈಗ ಇದೊಂದು!"

ಮಾಬೂಬಿ ನಗುತ್ತ ನನ್ನ ಕಡೆ ತಿರುಗಿದಳು. "ರಾಚಪ್ಪಣ್ಣನದೂ ಇದ ಗತಿ ಅಲ್ಲೇನು? ತಾಲೀಮಿನ್ಯಾಗ ಹೆಂಗ ಮಾಡ್ತಾರವ್ವ ಪಾಪ, ನಡುನಡುವ ಎದ್ದು ಹೋಗ್ತಾರೇನು?"

ನಮ್ಮವರು ಎದ್ದು ಹೋಗುತ್ತಿರಲಿಲ್ಲ. ಎಷ್ಟೋ ದಿನದಿಂದ ಎದ್ದು ಹೋಗುತ್ತಿರಲಿಲ್ಲ. ಮುಂಜಾನೆಯೆಲ್ಲ ಕುರ್ಚಿಯಲ್ಲಿ ಕಲ್ಲಿನಂತೆ ಕುಳಿತು ರಾಗ ಗುನುಗುವರು, ತಾಲೀಮಿಗೆ ಹೋದರೆ ಮಧ್ಯಾಹ್ನದವರೆಗೂ ಊದಿ ಬರುವರು. ಹುಟ್ಟಿದಾಗಿನಿಂದ ಎದೆಗೆ ಕಿವಿ ಕೊಟ್ಟು ಬದುಕಿದವಳು ನಾನು. ಕಣ್ಣು ಬಿಟ್ಟು ನೋಡಬೇಕೆಂದು ಹೊಳೆದೇ ಇರಲಿಲ್ಲ.

ಶೀಶೆ ಸೆರಗಿನಲ್ಲೇ ಉಳಿಯಿತು. ಮನೆಗೆ ಬಂದವಳೇ ಅವರ ಮುಂದೆ ನೆಲದ ಮೇಲೆ ಕುಳಿತೆ.

"ಕಾಲ ತೋರಸ್ರಿ."

"ಯಾಕ? ಪಾದಪೂಜಾ ಮಾಡಾಕೇನು?"

ಧೋತರ ಸರಿಸಿ ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದೆ. ನಾದಿದ ಹಿಟ್ಟಿನಲ್ಲಿ ಒತ್ತಿದ ಹಾಗೆ ಕುಳಿ ಬಿತ್ತು. ಬೆರಳು ತೆಗೆದರೂ ಕುಳಿ ತುಂಬಲಿಲ್ಲ.

"ನೀರಿನ ಗುಳಿಗಿ ತಗೊಳಾಕತ್ತೀರೋ ಇಲ್ಲೋ?"

ಅವರು ಗೋಡೆ ನೋಡಿದರು. "ಮದುವಿ ಮುಗಿಯೂತನಕ ಬಿಟ್ಟೀನಿ ಅಷ್ಟ. ತಾಲೀಮಿನ್ಯಾಗ, ಮದುವ್ಯಾಗ ಕ್ಲಾರಿನೆಟ್ ಯಾರ ಕೈಯಾಗ ಕೊಟ್ಟು ಗ್ವಾಡಿ ಹುಡುಕ್ಕೋತ ಹೋಗ್ಲಿ? ನಾ ಆ ಕಡೆ ಹೋದಾಗ ಅಕ್ಕಿಕಾಳು ಬಿದ್ರ ಹುಡಿಗಿ ಮರ್ಯಾದಿ ಏನಾಗ್ಬೇಕು? ಮತ್ತ ಹೊಸಾ ಗುಳಿಗಿ ಐತೆಲ್ಲ, ಅದು ನೋಡ್ಕೊಂತೈತಿ. ನೀನೂ ಹಂಗ ಅಂದಿ."

"ನಾ ಏನಂದೆ?"

"ಕಿವ್ಯಾಗ ಗಿರಣಿ ಐತಿ ಅಂದಿ. ಅಂದು ನಕ್ಕಿ. ಎದಿ ಕೆಟ್ಟಿದ್ರ ನಗ್ತಿದ್ದೇನು?"

ಆ ನಗು ನಿಜವಾಗಿತ್ತು. ಆಗ ಎದೆಯೂ ಚೆನ್ನಾಗಿತ್ತು. ನನ್ನ ಒಂದು ನಗುವಿನ ಭರವಸೆಯ ಮೇಲೆ ಇವರು ಗುಳಿಗೆ ಬಿಟ್ಟಿದ್ದರು.

ಅವರು ಧೋತರ ಇಳಿಬಿಟ್ಟು ಮೆಲ್ಲಗೆ, "ಹಂಗಾರ ಈಗ ಹೇಳು. ಹೆಂಗೈತಿ?" ಎಂದರು.

ಗಿರಣಿ ಬಂದ್ ಆಗಿತ್ತು. ಡಾಕ್ಟರಿಗೆ ಕೊಟ್ಟ ಮಾತು ನೆನಪಾಯಿತು. ಅದು ದೊಡ್ಡ ಮಾತೇ. ಆದರೆ ಅವರ ಪರೀಕ್ಷೆಗೂ ಮೊದಲು ಈ ಮನುಷ್ಯ ಜೀವಂತ ಇರಬೇಕಲ್ಲ.

"ಮೂರು ಬಡ್ಯಾಕತ್ತೈತ್ರೀ. ಕುದುರಿ ಓಡಿದ್ಹಂಗ. ಮೊದಲಿನಕಿಂತ ಜೋರ."

"ಯಾವಾಗಿಂದ?"

"ಸೋಮವಾರದಿಂದ."

"ಇವತ್ತು ಶುಕ್ರವಾರ."

"ಹೌದು."

ಅವರು ಬಯ್ಯುತ್ತಾರೆ ಎಂದುಕೊಂಡೆ. ಬಯ್ಯಲಿಲ್ಲ. ನನ್ನ ಹೆಗಲ ಮೇಲೆ ಕೈಯೂರಿ ಎದ್ದು ನಿಂತು, "ನಡಿ," ಎಂದರು. ಬಾಗಿಲು ದಾಟುವಷ್ಟರಲ್ಲಿ ಉಸಿರು ಸಿಕ್ಕಿಕೊಂಡಿತು. ದಾವಲಸಾಬ ಓಡಬಾರದ ಮನುಷ್ಯ, ಆದರೂ ಚೌಕದವರೆಗೆ ಹೋಗಿ ಟಂಟಂ ಆಟೋ ಕರೆತಂದ.

ದವಾಖಾನೆಯಲ್ಲಿ ವಿಶಾಲಾಕ್ಷಿ ಡಾಕ್ಟರು ಏನೂ ಪ್ರಶ್ನೆ ಮಾಡದೆ ಮೊದಲು ಕಾಲು ಒತ್ತಿ ನೋಡಿದರು, ಮೂಗಿಗೆ ನಳಿಗೆ ಇಟ್ಟರು, ನೀರು ಇಳಿಸುವ ಇಂಜೆಕ್ಷನ್ ಕೊಟ್ಟರು. ಸಂಜೆಯ ಹೊತ್ತಿಗೆ ಉಸಿರು ಹದಕ್ಕೆ ಬಂತು. ಆಗ ನಾನು ಎಲ್ಲ ಹೇಳಿದೆ. ಮಾತು ಮುರಿದದ್ದು, ಶೀಶೆ ಬದಲಿಸಲು ಹೋಗಿದ್ದು, ಎಲ್ಲವನ್ನೂ.

ಅವರು ಕನ್ನಡಕ ತೆಗೆದು ಒರೆಸಿದರು. "ನೀಲವ್ವ, ಎದೆಯ ಮಾತು ರೋಗಿಗೆ ಹೇಳಬೇಡಿ ಅಂದೆ. ಕೆಟ್ಟರೆ ದವಾಖಾನೆಗೆ ಬಂದು ಹೇಳಿ ಅನ್ನೋದನ್ನ ಮರೆತೆ. ಮೇಲಿನ ಗುಳಿಗೆ ಅಂತ ನೀವೇ ಹೆಸರಿಟ್ಟಿರಿ, ಕೆಳಗಿನದು ಬಿಟ್ಟರೆ ಮೇಲಿನದು ಎಲ್ಲಿ ನಿಲ್ಲುತ್ತೆ ಅಂತ ನಾನು ಮನೆಮನೆಗೂ ಬಂದು ಹೇಳಬೇಕಿತ್ತು. ತಪ್ಪು ನನ್ನದು ದೊಡ್ಡದು."

"ಪರೀಕ್ಷಾದಾಗಿಂದ ಇವರನ್ನ ತಗದ್ಹಾಕ್ತೀರೇನ್ರಿ?"

"ಇಲ್ಲ. ನಡೆದದ್ದನ್ನು ನಡೆದ ಹಾಗೇ ಬರೀತೀನಿ. ಮುಚ್ಚಿಟ್ಟರೆ ಅದು ಪರೀಕ್ಷೆ ಅಲ್ಲ."

ಮರುದಿನವೇ ಅವರ ನರ್ಸು ಮನೆಮನೆಗೆ ಹೋಗಿ ಪಾದ ನೋಡಿ ಬಂದಳು. ನಮ್ಮವರಂತೆ ನೀರಿನ ಗುಳಿಗೆ ಬಿಟ್ಟವರು ಇನ್ನೂ ಕೆಲವರು ಸಿಕ್ಕರು. ಒಬ್ಬಳು ಸಂತೆಯಲ್ಲಿ ಕೂರಲು, ಒಬ್ಬ ಭಜನೆಯಲ್ಲಿ ಕೂರಲು. ಎಲ್ಲರದೂ ಒಂದೇ ಮಾತು, ಮೇಲಿನದು ಐತೆಲ್ಲ.

ಮದುವೆ ನಿಲ್ಲಲಿಲ್ಲ; ಹುಡುಗಿಯನ್ನು ಹೇಗೋ ಒಪ್ಪಿಸಿ ಮಣೆಗೆ ಕೂರಿಸಿದ್ದರು. ನಮ್ಮವರು ದವಾಖಾನೆಯ ಮಂಚದ ಮೇಲೆ ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಡೋಲಿನ ಸದ್ದು ಬರುತ್ತಿತ್ತು, ಸಂದುಗಳೂ ಬರುತ್ತಿದ್ದವು. ಪ್ರತಿ ಸಂದಿಗೂ ಅವರ ಬೆರಳು ಹೊದಿಕೆಯ ಮೇಲೆ ಆಡುತ್ತಿದ್ದವು. ಗಳಿಗೆ ಬಂದಾಗ ಎಂದೂ ಕೇಳದ ಒಂದು ಗದ್ದಲ ಎದ್ದಿತು. ಏನೆಂದು ತಿಳಿಯಲಿಲ್ಲ. ಸಂಜೆ ಮಾಬೂಬಿ ಬಂದು ಹೇಳಿದಳು. ಡೋಲಿನವನ ಕೈ ಏಳುತ್ತಿದ್ದಂತೆ ಫಕೀರಪ್ಪನ ಮುದಿ ತಾಯಿ ಬೇಕೆಂದೇ ಕೆಮ್ಮಿದಳಂತೆ. ಬೀಗರು ಕೆಮ್ಮಿದರು. ಅಡುಗೆಯವರು ಸೌಟು ಬಡಿದರು. ಆಮೇಲೆ ಮಂಟಪಕ್ಕೆ ಮಂಟಪವೇ ಕೆಮ್ಮಿತಂತೆ. "ಹುಡಿಗಿ ಎದಿ ದೇವರಿಗೂ ಕೇಳಿಸಿರಾಕಿಲ್ಲ ಬಿಡು. ನನ್ನ ಗಂಟಲಾ ಹರದೈತಿ," ಎಂದಳು. ನಮ್ಮವರು ನಗಲು ಹೋಗಿ, "ಏ, ತಡಿ ತಡಿ," ಎಂದು ನನ್ನ ಕೈ ಹಿಡಿದು ಬಚ್ಚಲಿಗೆ ಎದ್ದರು.

ಪರೀಕ್ಷೆ ಮುಗಿದು, ಪಟ್ಟಣದಿಂದ ಉತ್ತರ ಬಂದಾಗ ಡಾಕ್ಟರು ಮತ್ತೆ ಗಿರಣಿಗೇ ಎಲ್ಲರನ್ನೂ ಕರೆದರು. ಅಂದು ಗಿರಣಿ ನಿಲ್ಲಿಸಿದ್ದೆ. ಡಾಕ್ಟರ ಎದೆ ಪರೀಕ್ಷೆಗೆ ಕುಳಿತ ಹುಡುಗಿಯದರಂತೆ ಬಡಿಯುತ್ತಿತ್ತು. ಅವರು ವಿಚಾರಿಸಲಿಲ್ಲ, ನಾವು ಹೇಳಲಿಲ್ಲ. ನಿಜವಾದ ಗುಳಿಗೆ ತೆಗೆದುಕೊಂಡವರು ಉಳಿದವರಿಗಿಂತ ತುಸು ಹೆಚ್ಚು ದೂರ ನಡೆದಿದ್ದಾರೆ, ಆದರೆ ಇಷ್ಟು ಕಡಿಮೆ ಮಂದಿಯಲ್ಲಿ ಅದು ಗುಳಿಗೆಯ ಗುಣವೋ, ಬರೀ ಅದೃಷ್ಟವೋ ಹೇಳಲಾಗದು, ಬೇರೆ ಊರುಗಳಲ್ಲೂ ನೋಡಬೇಕು ಎಂದರು.

"ಇಷ್ಟ ಹೇಳಾಕ ಇಷ್ಟು ದಿನ ಬೇಕಾತೇನ್ರಿ?" ಎಂದ ಫಕೀರಪ್ಪ.

"ಇಷ್ಟು ಹೇಳೋಕೇ ಇಷ್ಟು ದಿನ ಬೇಕು," ಎಂದರು ಡಾಕ್ಟರು.

ಯಾರ ಶೀಶೆಯಲ್ಲಿ ಏನಿತ್ತೆಂದು ತಿಳಿಯಬೇಕಾದವರು ಬನ್ನಿ ಎಂದರು. ನಮ್ಮವರು ಹೋಗಿ ನಿಂತರು. ನಿಜವಾದದ್ದೇ ಇತ್ತು, ಮೊದಲಿನಿಂದ ಕೊನೆಯವರೆಗೆ. ನಾನು ಬೇಡಲು ಹೋದ ಕಲಾಯಿ ನನ್ನ ಸೆರಗಿನಲ್ಲೇ ಇತ್ತು. ದಾವಲಸಾಬ ಎದ್ದೇಳಲಿಲ್ಲ. "ನಂದು ಎಣ್ಣಿ ಆಗಿದ್ರ ಎದಿಗೆ ಬ್ಯಾಸರಾದೀತು. ಚಲೋ ನಡದೈತಿ, ನಡೀಲಿ," ಎಂದ. ಅವನದು ಏನೆಂದು ಇಂದಿಗೂ ಅವನಿಗೆ ಗೊತ್ತಿಲ್ಲ.

ನಮ್ಮವರು ಈಗ ಮೆರವಣಿಗೆಗೆ ಹೋಗುವುದಿಲ್ಲ. ಗಿರಣಿಯ ಮೂಲೆಯಲ್ಲಿ ಕುಳಿತು ಬ್ಯಾಂಡಿನ ಹುಡುಗಿಯೊಬ್ಬಳಿಗೆ ಉಸಿರು ಹಿಡಿಯುವುದನ್ನು ಕಲಿಸುತ್ತಾರೆ. ನೀರಿನ ಗುಳಿಗೆ ನುಂಗುತ್ತಾರೆ, ಹಿತ್ತಲಿಗೆ ಓಡುತ್ತಾರೆ, ಬಂದು ಮತ್ತೆ ಕೂರುತ್ತಾರೆ. ಹೋದ ವಾರ ಗಿರಣಿ ತುಂಬ ಜನ, ಕಲ್ಲು ಭರದಿಂದ ತಿರುಗುತ್ತಿತ್ತು. ಎಲ್ಲರೂ ತಮ್ಮ ತಮ್ಮ ಗುಟ್ಟಿನಲ್ಲಿದ್ದರು. ಹಿತ್ತಲಿನಿಂದ ಬಂದವರು ನನ್ನ ಮುಂದೆ ನಿಂತು ಏನೋ ಎಂದರು. ತುಟಿ ನೋಡಿ ತಿಳಿದುಕೊಂಡೆ. ಹೆಂಗೈತಿ?

ಕಲ್ಲಿನಲ್ಲಿ ಇನ್ನೊಬ್ಬರ ಜೋಳವಿತ್ತು. ಆದರೂ ಕೈ ಚಾಚಿ ಗಿರಣಿ ನಿಲ್ಲಿಸಿದೆ. ಪಟ್ಟೆ ಕುಂಟುತ್ತ ನಿಂತಿತು. ಮಾತಿನ ನಡುವೆ ಸಿಕ್ಕಿಬಿದ್ದವರೆಲ್ಲ ಬಾಯಿ ಮುಚ್ಚಿಕೊಂಡರು. ಸಾಲಿನಲ್ಲಿದ್ದ ಅಷ್ಟು ಎದೆಗಳೂ ಒಮ್ಮೆಗೇ ಎದ್ದವು, ಯಾರದು ಯಾರದೆಂದು ತಿಳಿಯದ ಹಾಗೆ. ನಾನು ಅವರ ಅಂಗಿಯ ಗುಂಡಿಗೆ ಕಿವಿ ಹಚ್ಚಿದೆ. ಯಾರೂ ಕೆಮ್ಮಲಿಲ್ಲ. ಡಬ್ಬಿ ಸಹ ಸದ್ದಾಗದಂತೆ ಹಿಡಿದು ನಿಂತರು.

"ಎರಡ ಅದಾವ್ರೀ," ಎಂದೆ.

"ಅಷ್ಟ ಸಾಕು," ಎಂದು ಅವರು ಮೂಲೆಗೆ ಹೋಗಿ ಕುಳಿತರು. ನಾನು ಗಿರಣಿ ಶುರು ಮಾಡಿದೆ.